ಲೂನಾ, ಟಿವಿಎಸ್, ಎಕ್ಸೆಲ್: ನಮ್ಮೂರ ಗಾಡಿಗಳ ಕಾರ್ಬೊರೇಟರ್ ಕಥೆ

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಕೆಂಪೇಗೌಡ ರಸ್ತೆ ಹಿಡಿದು ನಡೆದರೆ ಮೈಸೂರು ಬ್ಯಾಂಕ್ ಸರ್ಕಲ್ ಸಿಗುತ್ತದೆ. ಅಲ್ಲಿಂದ ಬಲಕ್ಕೆ ಹೊರಳುವ ಇಕ್ಕಟ್ಟಾದ ರಸ್ತೆಯೇ ಅವೆನ್ಯೂ ರಸ್ತೆ. ಹಳೆಯ ಹೆಸರು ದೊಡ್ಡಪೇಟೆ. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿಸುವಾಗ ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ಎತ್ತು ಹೂಡಿ ನೇಗಿಲ ಸಾಲು ಹೊಡೆಸಿದರು ಅನ್ನುವ ಐತಿಹ್ಯ ಇದೇ ಬೀದಿಯದು. ಇವತ್ತು ಅಲ್ಲಿ ಎತ್ತಿರಲಿ, ಮನುಷ್ಯ ನೇರ ನಡೆಯುವುದೂ ಕಷ್ಟ.

ಹಳ್ಳಿಯಿಂದ ಹೋದವರಿಗೆ ಅವೆನ್ಯೂ ರಸ್ತೆ ಅಂದರೆ ಎರಡು ನೆನಪು. ಮದುವೆ ಒಡವೆ, ಇಲ್ಲವೇ ಫುಟ್‌ಪಾತಿನ ಹಳೇ ಪುಸ್ತಕ. ಐಟಿಐ, ಡಿಪ್ಲೊಮಾ ಓದುವ ಹುಡುಗರು ಅರ್ಧ ಬೆಲೆಗೆ ಪುಸ್ತಕ ತಂದದ್ದು ಅಲ್ಲಿಂದಲೇ. ಆ ರಾಶಿಗಳಲ್ಲಿ ಒಮ್ಮೊಮ್ಮೆ ಗ್ರೀಸಿನ ಕಲೆ ಹತ್ತಿದ ವರ್ಕ್‌ಶಾಪ್ ಕೈಪಿಡಿಗಳೂ ಸಿಗುತ್ತವೆ. ರಸ್ತೆ ಮುಗಿದಲ್ಲಿ ಸಿಟಿ ಮಾರ್ಕೆಟ್. ಮಾರ್ಕೆಟಿನಿಂದ ಎಸ್‌ಜೆಪಿ ರಸ್ತೆಯ ಮೋಟಾರು, ಕಬ್ಬಿಣ, ಗುಜರಿ ಅಂಗಡಿಗಳನ್ನು ದಾಟಿ ಟೌನ್‌ಹಾಲ್ ತಲುಪಿದರೆ ಜೆ.ಸಿ. ರಸ್ತೆ ಶುರು. ಅದು ಗಾಡಿಗಳ ಬಿಡಿಭಾಗದ ಬೀದಿ. ಓದುವುದು ದೊಡ್ಡಪೇಟೆಯಲ್ಲಿ, ಬಿಚ್ಚಿ ನೋಡುವುದು ಗುಜರಿಯಲ್ಲಿ, ಕೊಳ್ಳುವುದು ಜೆ.ಸಿ. ರಸ್ತೆಯಲ್ಲಿ. ಎರಡು ಮೂರು ಕಿಲೋಮೀಟರಿನ ಈ ದಾರಿಯೊಳಗೆ ನಮ್ಮ ಎಷ್ಟೋ ಊರುಗಳ ಮೆಕ್ಯಾನಿಕ್ಕುಗಳ ವಿದ್ಯಾಭ್ಯಾಸ ನಡೆದಿದೆ.

ಆ ವಿದ್ಯೆಯಲ್ಲಿ ಒಂದು ಪಾಠ ಈಗ ಮತ್ತೆ ಬೇಕಾಗಿದೆ. ಅದು ಕಾರ್ಬೊರೇಟರಿನ ಪಾಠ. ಹೊಸ ಗಾಡಿಗಳಲ್ಲಿ ಕಾರ್ಬೊರೇಟರೇ ಇಲ್ಲ. ಆದರೆ ಹಾಲಿನ ಕ್ಯಾನು, ರೇಷ್ಮೆಗೂಡಿನ ಮೂಟೆ, ಎಳನೀರು, ಮೇವಿನ ಹೊರೆ ಹೊರುವ ಹಳೇ ಎಕ್ಸೆಲ್‌ಗಳು ಹಳ್ಳಿಯಲ್ಲಿ ಇನ್ನೂ ಓಡುತ್ತಿವೆ. ಅವಕ್ಕೆ ಈಗ ಬಂಕಿನಲ್ಲಿ ಸಿಗುತ್ತಿರುವುದು ಎಥೆನಾಲ್ ಬೆರೆತ ಪೆಟ್ರೋಲ್. ಪಿಸ್ಟನ್ ಹಿಡಿದುಕೊಂಡು ಗಾಡಿ ಮೂಲೆಗೆ ಬಿದ್ದರೆ ಬೆಳಗಿನ ಹಾಲು ಡೇರಿಗೆ ಹೋಗುವುದಿಲ್ಲ. ಈ ಮಾತಿಗೆ ಮುಂದೆ ಬರುತ್ತೇವೆ. ಮೊದಲು ಆ ಪುಟ್ಟ ಡಬ್ಬಿ ಎಲ್ಲಿಂದ ಬಂತು ನೋಡೋಣ.

ಸೈಕಲ್ಲಿಗೆ ಎಂಜಿನ್ ಕಟ್ಟಿದವರು

ಪೆಟ್ರೋಲ್ ನೀರಿನಂತೆ ಇರುವಾಗ ಸಿಡಿಯುವುದಿಲ್ಲ. ಆವಿಯಾಗಿ, ತಕ್ಕಷ್ಟು ಗಾಳಿಯ ಜತೆ ಬೆರೆತಾಗ ಮಾತ್ರ ಕಿಡಿ ತಾಗಿದೊಡನೆ ಸಿಡಿಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಹತ್ತಿರಹತ್ತಿರ 14.7 ಪಾಲು ಗಾಳಿ ಬೇಕು. ಮೊದಲ ಕಾಲದ ಎಂಜಿನ್ ಕಟ್ಟಿದವರು ಡಬ್ಬಿಯಲ್ಲಿ ಪೆಟ್ರೋಲ್ ಇಟ್ಟು ಅದರ ಮೇಲೆ ಗಾಳಿ ಹಾಯಿಸಿ ಆವಿ ಎಳೆಯುತ್ತಿದ್ದರು. ಬಿಸಿಲಿದ್ದರೆ ಆವಿ ಜಾಸ್ತಿ, ಚಳಿಯಾದರೆ ಕಡಿಮೆ. ಎಂಜಿನ್ನಿನ ಮರ್ಜಿಯಂತೆ ನಡೆಯಬೇಕಿತ್ತು.

1888ರಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬಾಕೆ ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಚಕ್ರದ ಗಾಡಿಯನ್ನು, ಗಂಡನಿಗೆ ಹೇಳದೆಯೇ, ಇಬ್ಬರು ಮಕ್ಕಳ ಜತೆ ನೂರು ಕಿಲೋಮೀಟರಿಗೂ ಹೆಚ್ಚು ದೂರದ ತವರಿಗೆ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ಸಂತೆಯಿಂದ ಬರುವಾಗ ಗಾಡಿ ನಿಂತು, ರಸ್ತೆ ಬದಿಯಲ್ಲಿ ಪಿನ್ನು ಹುಡುಕಿದವರೆಲ್ಲ ಈಕೆಯ ವಂಶಸ್ಥರೇ.

ಚಿಮುಕಿಸುವ ಕಾರ್ಬೊರೇಟರ್ ಬಂದದ್ದು 1893ರಲ್ಲಿ. ಹಂಗೇರಿಯ ಡೋನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ ಅದಕ್ಕೆ ಪೇಟೆಂಟ್ ಕೇಳಿದರು. ಹೂ ಮಾರುವ ಹುಡುಗಿಯೊಬ್ಬಳು ಬಾಯಿಂದ ಊದಿ ಹೂಗಳ ಮೇಲೆ ನೀರು ಚಿಮುಕಿಸುವುದನ್ನು ನೋಡಿ ಬಾಂಕಿಗೆ ಹೊಳೆಯಿತು ಎಂದು ಅಲ್ಲಿ ಕಥೆ ಹೇಳುತ್ತಾರೆ. ಕೆಲವೇ ತಿಂಗಳ ನಂತರ ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಇಂಥದ್ದನ್ನೇ ತಂದ. ಹೆಸರು ಮಾಡಿದ್ದು ಮೇಬಾಕ್. ಅಲ್ಲಿಂದ ಇಲ್ಲಿಯವರೆಗೆ ಆಕಾರ ಬದಲಾಯಿತು, ಮೂಲ ಬದಲಾಗಲಿಲ್ಲ. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ರಭಸವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಸಣ್ಣ ತೂತಿನ ಮೂಲಕ ಮೇಲೆದ್ದು ಗಾಳಿಗೆ ಸೇರಿ ತುಂತುರಾಗುತ್ತದೆ. ಆ ತೂತಿಗೆ ಜೆಟ್ ಎಂದು ಹೆಸರು. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಒಂದೇ ಸಮ ಇರಲೆಂದು ತೇಲುವ ಫ್ಲೋಟ್. ಕೊಳಾಯಿ ತೊಟ್ಟಿಯಲ್ಲಿ ಚೆಂಡು ತೇಲಿ ನೀರು ನಿಲ್ಲಿಸುತ್ತದಲ್ಲ, ಅದೇ ಉಪಾಯ.

ಎರಡನೇ ಮಹಾಯುದ್ಧ ಮುಗಿದಾಗ ಯುರೋಪು, ಜಪಾನುಗಳಲ್ಲಿ ದುಡ್ಡಿಲ್ಲ, ಕಾರಿಲ್ಲ, ಬಸ್ಸಿಲ್ಲ. ಉಳಿದದ್ದು ಸೈಕಲ್. ಅದಕ್ಕೇ ಎಂಜಿನ್ ಕಟ್ಟಿದರು. ಇಟಲಿಯಲ್ಲಿ ಡುಕಾಟಿ ಕಂಪನಿ 48 ಸಿಸಿಯ ಕುಚ್ಚೊಲೊ ಎಂಬ ಎಂಜಿನ್ ಮಾರಿತು. ಹೆಸರಿನ ಅರ್ಥ ನಾಯಿಮರಿ. ಫ್ರಾನ್ಸಿನಲ್ಲಿ ವೆಲೊಸೊಲೆಕ್ಸ್ ಬಂತು. ಸೊಲೆಕ್ಸ್ ಅನ್ನುವುದು ಮೊದಲಿಗೆ ಕಾರ್ಬೊರೇಟರ್ ಮಾಡುತ್ತಿದ್ದ ಕಂಪನಿಯೇ. ಜಪಾನಿನ ಹಮಾಮತ್ಸುವಿನಲ್ಲಿ ಸೊಯಿಚಿರೊ ಹೋಂಡಾ 1946ರಲ್ಲಿ ಸೈನ್ಯ ಬಿಟ್ಟುಹೋದ ರೇಡಿಯೊ ಜನರೇಟರಿನ ಪುಟ್ಟ ಎಂಜಿನ್ ತಂದು ಸೈಕಲ್ಲಿಗೆ ಜೋಡಿಸಿದರು. ಮೊದಲ ಪ್ರಯೋಗದಲ್ಲಿ ಪೆಟ್ರೋಲ್ ಟ್ಯಾಂಕಾಗಿದ್ದದ್ದು ಮನೆಯಲ್ಲಿ ಕಾಲು ಬೆಚ್ಚಗಿಡಲು ಬಳಸುವ ಬಿಸಿನೀರಿನ ಡಬ್ಬಿ! ಮುಂದೆ ಲೋಕಕ್ಕೆಲ್ಲ ಗಾಡಿ ಮಾರಿದ ಕಂಪನಿ ಹುಟ್ಟಿದ್ದು ಹೀಗೆ. ಮೋಟಾರು ಮತ್ತು ಪೆಡಲ್ ಎರಡೂ ಇರುವ ಈ ಜಾತಿಗೆ ಮೊಪೆಡ್ ಅನ್ನುವ ಹೆಸರು ಕೊಟ್ಟವರು 1952ರಲ್ಲಿ ಸ್ವೀಡನ್ನಿನ ಒಬ್ಬ ಪತ್ರಕರ್ತರು. ನಮ್ಮ ಕಸುಬಿನವರು ಎಂದು ಹೇಳಿಕೊಳ್ಳಲು ಸಂತೋಷ.

ನಮ್ಮ ಕಡೆಗೆ ಬಂದಾಗ

ಸ್ವಾತಂತ್ರ್ಯದ ನಂತರ ನಮ್ಮಲ್ಲಿ ಗಾಡಿ ಮಾಡಲು ಸರ್ಕಾರದ ಲೈಸೆನ್ಸ್ ಬೇಕಿತ್ತು. ಎಷ್ಟು ಮಾಡಬೇಕು ಅನ್ನುವುದೂ ಅಪ್ಪಣೆಯ ಮೇಲೆಯೇ. ಬಜಾಜ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದವರ ಕಥೆ ಎಲ್ಲರ ಮನೆಯಲ್ಲೂ ಇದೆ. ಮೈಸೂರಿನಲ್ಲಿ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲಿ ತಯಾರಿಸಿ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿದರು. 1996ರಲ್ಲಿ ಬಾಗಿಲು ಹಾಕುವವರೆಗೂ ಅದು ಮೈಸೂರಿನ ಹೆಮ್ಮೆ. ಜಾವಾದ ಜತೆ ಜಿಕೊವ್ ಎಂಬ ಜೆಕ್ ಕಾರ್ಬೊರೇಟರೂ ಇಲ್ಲಿನ ಮೆಕ್ಯಾನಿಕ್ಕುಗಳ ಬಾಯಿಗೆ ಬಂತು. ಬಜಾಜ್ ಸ್ಕೂಟರಿನವರಿಗೆ ಸ್ಪಾಕೊ, ಎನ್‌ಫೀಲ್ಡಿನವರಿಗೆ ಮಿಕ್‌ಕಾರ್ಬ್, ಜಾವಾದವರಿಗೆ ಜಿಕೊವ್. ಇಂಗ್ಲಿಷ್ ಅಕ್ಷರ ಓದಲು ಬಾರದ ಕೈಗಳೂ ಈ ಹೆಸರುಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದವು.

ಜಾವಾ ಊರ ಗೌಡರ ಮನೆಗೆ ಬಂತು, ಮೇಷ್ಟ್ರ ಮನೆಗೆ ಬರಲಿಲ್ಲ. ಮೇಷ್ಟ್ರಿಗೆ, ಪೋಸ್ಟ್‌ಮನ್ನಿಗೆ, ಹಾಲಿನವನಿಗೆ ಬೇಕಾಗಿದ್ದದ್ದು ಸೈಕಲ್ಲಿಗಿಂತ ಒಂದು ಮೆಟ್ಟಿಲು ಮೇಲಿನದು. ತಿರುಪತಿಯ ಮೊಪೆಡ್ಸ್ ಇಂಡಿಯಾ ಫ್ರಾನ್ಸಿನ ಮೊಟೊಬೆಕಾನ್ ಮಾದರಿಯ ಸುವೇಗ ತಂದಿತು. ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ 1972ರಲ್ಲಿ ಲೂನಾ ತಂದಿತು. ಅದರ ಮೂಲ ಇಟಲಿಯ ಪಿಯಾಜಿಯೊ ಚಾವ್. ಮರುವರ್ಷವೇ ಅರಬ್ ದೇಶಗಳ ತೈಲ ಬಿಕ್ಕಟ್ಟು. ಪೆಟ್ರೋಲ್ ಬೆಲೆ ಏರಿದಾಗ 50 ಸಿಸಿಯ ಲೂನಾ ಬಡವರ ದೇವರಾಯಿತು. ಪೆಟ್ರೋಲ್ ಮುಗಿದರೆ ಪೆಡಲ್ ತುಳಿದು ಮನೆ ಸೇರಬಹುದಿತ್ತು. ಲೂನಾ ತುಳಿದವರಿಗೆ ಅದೆಷ್ಟು ಭಾರ ಅನ್ನುವುದೂ ಗೊತ್ತು, ಆ ಮಾತು ಬೇರೆ.

1980ರಲ್ಲಿ ಬೆಂಗಳೂರಿನಿಂದ ನಲವತ್ತು ಕಿಲೋಮೀಟರಿನ ಹೊಸೂರಿನಿಂದ ಟಿವಿಎಸ್ 50 ಹೊರಬಿತ್ತು. ಭಾರತದ ಮೊದಲ ಇಬ್ಬರು ಕೂರುವ ಮೊಪೆಡ್ ಅದು. ಹೊಸೂರು ತಮಿಳುನಾಡಿಗೆ ಸೇರಿದ್ದರೂ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಗಡಿಸೀಮೆ. ಆನೇಕಲ್, ಚಂದಾಪುರ, ಅತ್ತಿಬೆಲೆಯವರಿಗೆ ನೆರೆಯೂರು. ಗಂಡ ಹೆಂಡತಿ ಇಬ್ಬರೂ ಕೂತು ಜಾತ್ರೆಗೆ ಹೋಗಬಹುದು ಅನ್ನುವ ಒಂದೇ ಕಾರಣಕ್ಕೆ ಲೂನಾ ಬಿಟ್ಟು ಟಿವಿಎಸ್ ಕೊಂಡ ಮನೆಗಳಿವೆ. ಆಮೇಲೆ ಎಕ್ಸೆಲ್ ಬಂತು, 70 ಸಿಸಿಗೆ ಹತ್ತಿರದ ಎಕ್ಸೆಲ್ ಸೂಪರ್ ಬಂತು, ಭಾರ ಹೊರುವ ಹೆವಿ ಡ್ಯೂಟಿ ಬಂತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ, ಮದ್ದೂರಿನ ಎಳನೀರಿನ ಮಾರುಕಟ್ಟೆಯ ಮುಂದೆ ಬೆಳಗಿನ ಜಾವ ನಿಂತು ನೋಡಿದರೆ ತಿಳಿಯುತ್ತದೆ: ಇದನ್ನು ಗಾಡಿ ಅನ್ನುವುದಕ್ಕಿಂತ ಕತ್ತೆ ಅನ್ನುವುದೇ ಸರಿ, ಗೌರವದಿಂದಲೇ ಹೇಳುತ್ತಿದ್ದೇವೆ.

ಕಾನೂನಿನ ಒಂದು ಸ್ವಾರಸ್ಯವನ್ನೂ ಇಲ್ಲೇ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಈಗ ಸೈಕಲ್ಲಿಗೆ ಕಟ್ಟುವ ಎಂಜಿನ್ ಕಿಟ್ಟುಗಳನ್ನು ಮೊಬೈಲಿನಲ್ಲಿ ನೋಡಿ ತರಿಸುವ ಹುಡುಗರಿದ್ದಾರೆ. ಅವುಗಳಲ್ಲಿ ಹೆಚ್ಚಿನವು 49 ಸಿಸಿ ಮೇಲಿನವು. ಅಂದರೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು, ಮತ್ತು ಅಂಥ ಗಾಡಿಗೆ ನೋಂದಣಿ ಸಿಗುವುದು ಸುಲಭವಲ್ಲ. ಹೊಲದೊಳಗೆ ಓಡಿಸಿಕೊಳ್ಳಿ, ರಸ್ತೆಗೆ ತಂದು ಅಪಘಾತವಾದರೆ ವಿಮೆಯವರು ಹತ್ತಿರವೂ ಬರುವುದಿಲ್ಲ.

ತೂತಿನ ಲೆಕ್ಕ

ಎರಡು ಸ್ಟ್ರೋಕಿನ ಎಂಜಿನ್ನಿಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು. ಈ ಒಂದು ಮಾತು ನೆನಪಿಟ್ಟರೆ ಉಳಿದದ್ದೆಲ್ಲ ತಿಳಿಯುತ್ತದೆ. ಕಾರ್ಬೊರೇಟರಿನ ಜೆಟ್ಟಿನಿಂದ ಪೆಟ್ರೋಲ್ ಕಡಿಮೆ ಬಂದರೆ ಅದರ ಜತೆ ಆಯಿಲೂ ಕಡಿಮೆ ಬರುತ್ತದೆ. ಮೇಲಿಂದ ಗಾಳಿ ಹೆಚ್ಚಾಗಿ ಬೆಂಕಿಯ ಕಾವೂ ಏರುತ್ತದೆ. ಕಾವು ಏರಿ ಜಿಡ್ಡು ಇಳಿದರೆ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಸೀಜ್ ಆಯಿತು ಅನ್ನುತ್ತೇವಲ್ಲ, ಅದು.

ಕಾರ್ಬೊರೇಟರಿನಲ್ಲಿ ಪೆಟ್ರೋಲಿಗೆ ಒಂದೇ ದಾರಿಯಿಲ್ಲ. ಎಕ್ಸಿಲರೇಟರ್ ಬಿಟ್ಟು ಗಾಡಿ ನಿಂತಲ್ಲೇ ಗುಟುಗುಟು ಅನ್ನುವಾಗ ಸ್ಲೋ ಜೆಟ್ ಕೆಲಸ ಮಾಡುತ್ತದೆ. ಕಾಲು ಭಾಗದಿಂದ ಮುಕ್ಕಾಲು ಭಾಗ ತಿರುಗಿಸಿದಾಗ ಸ್ಲೈಡಿನ ಜತೆ ಮೇಲೇಳುವ ಸೂಜಿ ಅಳತೆ ಕೊಡುತ್ತದೆ. ಪೂರ್ತಿ ತಿರುಗಿಸಿದಾಗ ಮಾತ್ರ ಮೇನ್ ಜೆಟ್. ಹಳ್ಳಿಯ ಗಾಡಿ ಹೆಚ್ಚು ಹೊತ್ತು ಓಡುವುದು ಸೂಜಿಯ ಲೆಕ್ಕದಲ್ಲೇ. ಆದರೆ ಗಾಡಿ ಎಳೆಯುತ್ತಿಲ್ಲ ಎಂದೊಡನೆ ಎಲ್ಲರ ಕೈ ಹೋಗುವುದು ಮೇನ್ ಜೆಟ್ಟಿಗೆ.

ಜೆಟ್ಟಿನ ಮೇಲೊಂದು ನಂಬರ್ ಕೆತ್ತಿರುತ್ತದೆ. ಕೆಲವು ಕಂಪನಿಗಳಲ್ಲಿ ಅದು ತೂತಿನ ಅಗಲ. 65 ಎಂದಿದ್ದರೆ 0.65 ಮಿಲಿಮೀಟರ್. ಇನ್ನು ಕೆಲವರದ್ದು ನಿಮಿಷಕ್ಕೆ ಎಷ್ಟು ಹರಿಯುತ್ತದೆ ಅನ್ನುವ ಲೆಕ್ಕ. ಒಂದು ಕಂಪನಿಯ 65, ಇನ್ನೊಂದರ 65 ಒಂದೇ ಅಲ್ಲ. ಅಗಲದ ಲೆಕ್ಕವನ್ನೇ ಹಿಡಿಯೋಣ. 65ನ್ನು ತೆಗೆದು 70 ಹಾಕಿದರೆ ಐದೇ ಅಂಕಿ ಹೆಚ್ಚು ಅನಿಸುತ್ತದೆ. ಆದರೆ ಹರಿಯುವುದು ತೂತಿನ ವಿಸ್ತಾರದ ಮೇಲೆ. 70ರ ವರ್ಗ 4900, 65ರ ವರ್ಗ 4225. ಭಾಗಿಸಿ ನೋಡಿ, ಪೆಟ್ರೋಲ್ ಶೇಕಡ 16 ಹೆಚ್ಚಾಯಿತು. ಕಸ ಕಟ್ಟಿದೆ ಎಂದು ಬ್ರೇಕ್ ಕೇಬಲ್ಲಿನ ಉಕ್ಕಿನ ಎಳೆ ತುರುಕಿ ನಾಲ್ಕು ಸಲ ಎಳೆದಾಡಿದರೆ ಆಗುವುದೂ ಇದೇ. ಜೆಟ್ ಹಿತ್ತಾಳೆಯದು, ಮೆತ್ತಗಿನ ಲೋಹ. ಉಕ್ಕು ಅದನ್ನು ಕೊರೆಯುತ್ತದೆ. ಆಮೇಲೆ ಮೈಲೇಜು ಯಾಕೆ ಇಳಿಯಿತು ಎಂದು ಪೆಟ್ರೋಲ್ ಬಂಕಿನವನನ್ನು ಬೈಯುತ್ತೇವೆ. ಪೆಟ್ರೋಲಿನಲ್ಲಿ ನೆನೆಹಾಕಿ ಪಂಪಿನ ಗಾಳಿ ಹೊಡೆದರೆ ಹತ್ತರಲ್ಲಿ ಒಂಬತ್ತು ಜೆಟ್ಟು ತೆರೆಯುತ್ತವೆ. ಬಾಯಿಂದ ಊದುವುದು, ಎಳೆಯುವುದು ಬೇಡ. ಪೆಟ್ರೋಲ್ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದರೆ ಹೆಚ್ಚು ಅಪಾಯ.

ದೊಡ್ಡ ಕಾರ್ಬೊರೇಟರ್ ಹಾಕಿಸಿದರೆ ಪಿಕಪ್ ಬರುತ್ತದೆ ಅನ್ನುವ ನಂಬಿಕೆ ಮೊದಲಿನಿಂದಲೂ ಇದೆ. ಮೊಪೆಡ್ಡಿನ ಕಾರ್ಬೊರೇಟರಿನ ಬಾಯಿ ಸಾಮಾನ್ಯವಾಗಿ 12ರಿಂದ 14 ಮಿಲಿಮೀಟರ್. ಗುಜರಿಯಲ್ಲಿ ಬೈಕಿನ 20 ಮಿಲಿಮೀಟರಿನದು ಸಿಕ್ಕಿತೆಂದು ತಂದು ಹಾಕಿದರೆ, ಅಷ್ಟಗಲದ ಬಾಯಿಯಲ್ಲಿ ಪುಟ್ಟ ಎಂಜಿನ್ ಎಳೆಯುವ ಗಾಳಿಗೆ ರಭಸವೇ ಇರುವುದಿಲ್ಲ. ಓಣಿಯಲ್ಲಿ ಬೀಸುವ ಗಾಳಿ ಬಯಲಿಗೆ ಬಂದಾಗ ಸತ್ತುಹೋದಂತೆ. ರಭಸವಿಲ್ಲದೆ ಪೆಟ್ರೋಲ್ ಮೇಲೇಳುವುದಿಲ್ಲ, ಎದ್ದರೂ ಹನಿಯಾಗಿ ಬೀಳುತ್ತದೆ. ಮೂಟೆ ಹೊತ್ತು ಏರು ಹತ್ತುವಾಗ ಗಾಡಿ ಕೆಮ್ಮಿ ನಿಲ್ಲುತ್ತದೆ. ಎಂಜಿನ್ನಿನ ಒಳಗನ್ನೂ ಸೈಲೆನ್ಸರನ್ನೂ ಬದಲಿಸದೆ ಬರೀ ಬಾಯಿ ದೊಡ್ಡದು ಮಾಡಿದರೆ ಹೊಟ್ಟೆ ದೊಡ್ಡದಾಗುವುದಿಲ್ಲ. ಸೈಕಲ್ ಕಿಟ್ಟಿನ ಹುಡುಗರಿಗೂ ಇದೇ ಮಾತು. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಏರ್ ಫಿಲ್ಟರು, ಹೊಸ ಗ್ಯಾಸ್ಕೆಟ್ಟು, ಎರಡು ಮೂರು ನಂಬರಿನ ಜೆಟ್ಟು ಕೊಂಡರೆ ಗಾಡಿಯ ನಡೆಯೇ ಬದಲಾಗುತ್ತದೆ.

ಸರಿಯಾದ ಜೆಟ್ ಯಾವುದು ಅನ್ನುವುದನ್ನು ಹೇಳುವುದು ಪ್ಲಗ್. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ 1950ರ ದಶಕದಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸತೊಡಗಿದ ಮೇಲೆ ದೇಶದ ಮೂಲೆಮೂಲೆಯ ಗಾಡಿಗಳಲ್ಲಿ ಮೈಕೋ ಪ್ಲಗ್ ಕೂತಿತು. ಹಳೆಯ ಮೆಕ್ಯಾನಿಕ್ಕುಗಳು ಗಾಡಿ ಒಂದಷ್ಟು ದೂರ ಓಡಿಸಿ, ಎಂಜಿನ್ ತಟ್ಟನೆ ನಿಲ್ಲಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ತುದಿ ಕಾಫಿಪುಡಿಯ ಕಂದು ಬಣ್ಣವಿದ್ದರೆ ಸರಿ. ಕಾಡಿಗೆಯಂತೆ ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಅಪಾಯ. ಕಪ್ಪಿನಿಂದ ಕಾಸು ಹೋಗುತ್ತದೆ, ಬಿಳುಪಿನಿಂದ ಪಿಸ್ಟನ್ ಹೋಗುತ್ತದೆ. ನಡುವಿನ ಓಟದಲ್ಲಿ ಬಿಳಿಚಿದರೆ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಬೇಕು, ಆಗ ಸೂಜಿ ಮೇಲೇರಿ ದಾರಿ ಅಗಲವಾಗುತ್ತದೆ. ಕಪ್ಪಾದರೆ ಕ್ಲಿಪ್ಪನ್ನು ಒಂದು ಗೀರು ಮೇಲೆ. ಇದಕ್ಕೆ ಖರ್ಚಿಲ್ಲ, ಅದಕ್ಕೇ ಇರಬೇಕು ಯಾರೂ ಮೊದಲು ಮಾಡುವುದಿಲ್ಲ.

ಒಂದು ಕಾಲದಲ್ಲಿ ಪ್ಲಗ್ಗಿನ ಕಪ್ಪಿಗೆ ಬೇರೆ ಕಾರಣವೂ ಇತ್ತು. ರೇಷನ್ನಿನ ನೀಲಿ ಸೀಮೆಎಣ್ಣೆ ಅಗ್ಗ, ಪೆಟ್ರೋಲ್ ದುಬಾರಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ನೀರೆತ್ತುವ ಪಂಪುಗಳನ್ನು ಕಂಡವರು ಮೊಪೆಡ್ಡಿಗೂ ಬೆರೆಸಿ ನೋಡಿದರು. ಸೈಲೆನ್ಸರ್ ತುಂಬ ಕಾರ್ಬನ್ ಕಟ್ಟಿ, ಅದನ್ನು ಬಿಚ್ಚಿ ಸೌದೆ ಒಲೆಯಲ್ಲಿ ಸುಟ್ಟು ಬಡಿದು ತೆಗೆಯುವುದು ಪ್ರತಿ ಊರಿನ ಭಾನುವಾರದ ನೋಟವಾಗಿತ್ತು.

ಬಯಲುಸೀಮೆಯ ಗಾಳಿ, ಕರಾವಳಿಯ ಗಾಳಿ

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಮಂಗಳೂರು, ಕಾರವಾರ, ಕಾಸರಗೋಡಿನ ಗಾಳಿಗಿಂತ ಸುಮಾರು ಶೇಕಡ 8 ತೆಳು. ಗಾಳಿ ತೆಳುವಾದರೆ ಅದೇ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಲೆಕ್ಕ ಹಾಕಿದರೆ ಶೇಕಡ 4ರಷ್ಟು. ಮಂಗಳೂರಿನಲ್ಲಿ ಸರಿಯಾಗಿ ಓಡುವ ಗಾಡಿ ಬೆಂಗಳೂರಿನಲ್ಲಿ ಚೂರು ಹೊಗೆ ಬಿಡುತ್ತದೆ. 2,200 ಮೀಟರ್ ಎತ್ತರದ ಊಟಿಯಲ್ಲಿ ಅದೇ ಲೆಕ್ಕ ಶೇಕಡ 11-12ಕ್ಕೆ ಏರಿ ಗಾಡಿ ಮುಕ್ಕರಿಸುತ್ತದೆ. ಘಾಟಿ ಹತ್ತಿದಾಗ ಎಳೆಯುವುದಿಲ್ಲ ಎಂದು ದೂರುವವರಲ್ಲಿ ಅರ್ಧ ಜನ ಮೂಟೆಯನ್ನು ಬೈಯುತ್ತಾರೆ, ಗಾಳಿಯನ್ನಲ್ಲ.

ಈಗ ಎಥೆನಾಲಿನ ಮಾತಿಗೆ ಬರೋಣ. ಕಬ್ಬು, ಅಕ್ಕಿ, ಜೋಳದಿಂದ ತೆಗೆದ ಎಥೆನಾಲನ್ನು ಪೆಟ್ರೋಲಿಗೆ ಬೆರೆಸುವುದು ನಮ್ಮಲ್ಲಿ ಬಹಳ ವರ್ಷದಿಂದ ಇದೆ. 2022ರ ಜೂನ್ ಹೊತ್ತಿಗೆ ಬೆರಕೆ ಶೇಕಡ 10 ಮುಟ್ಟಿತು. ಶೇಕಡ 20ರ ಪೆಟ್ರೋಲನ್ನು ಪ್ರಧಾನಿ ನರೇಂದ್ರ ಮೋದಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. 2025ಕ್ಕೆ ಅದು ದೇಶದ ತುಂಬ ಸಾಮಾನ್ಯ ಪೆಟ್ರೋಲೇ ಆಗಿಹೋಯಿತು. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇದರಿಂದ ಒಂದು ಹೊಸ ಗಿರಾಕಿ ಸಿಕ್ಕಂತಾಯಿತು, ಅದು ಸಣ್ಣ ಮಾತಲ್ಲ. ಹಾಗೆಂದು ಅದೇ ರೈತನ ಮನೆಯ ಹಳೇ ಎಕ್ಸೆಲ್‌ಗೆ ಏನಾಗುತ್ತದೆ ಎಂದು ಬಂಕಿನಲ್ಲಿ ಯಾರೂ ಹೇಳುವುದಿಲ್ಲ. ಬೇರೆ ಪೆಟ್ರೋಲ್ ಆರಿಸಿಕೊಳ್ಳಲು ಹಳ್ಳಿಯ ಬಂಕಿನಲ್ಲಿ ದಾರಿಯೂ ಇಲ್ಲ.

ಆಗುವುದು ಇಷ್ಟು. ಎಥೆನಾಲಿನಲ್ಲೇ ಆಮ್ಲಜನಕ ಸೇರಿದೆ. ಅದಕ್ಕೆ ತೂಕದಲ್ಲಿ ಒಂಬತ್ತು ಪಾಲು ಗಾಳಿ ಸಾಕು. ಪೆಟ್ರೋಲಿಗೆ 14.7 ಬೇಕಿತ್ತಲ್ಲ. ಐದರಲ್ಲೊಂದು ಪಾಲು ಎಥೆನಾಲ್ ಬೆರೆತಾಗ ಬೇಕಾಗುವ ಗಾಳಿ ಹದಿಮೂರೂವರೆ ಪಾಲಿನ ಸುತ್ತ. ಆದರೆ ಕಾರ್ಬೊರೇಟರಿಗೆ ಇದು ಗೊತ್ತಿಲ್ಲ. ಅದು ಹಿಂದಿನಷ್ಟೇ ಗಾಳಿ, ಹಿಂದಿನಷ್ಟೇ ಇಂಧನ ಕೊಡುತ್ತದೆ. ಫಲ, ಬರೀ ಪೆಟ್ರೋಲಿಗೆಂದು ಕೊರೆದ ಜೆಟ್ಟಿನಲ್ಲಿ ಮಿಶ್ರಣ ಸುಮಾರು ಶೇಕಡ 7-8 ಬಡವಾಗುತ್ತದೆ. ಮೊದಲೇ ಹೇಳಿದಂತೆ ಎರಡು ಸ್ಟ್ರೋಕಿನ ಎಂಜಿನ್ನಿಗೆ ಬಡ ಮಿಶ್ರಣ ಅಂದರೆ ಕಾವು.

ಇಲ್ಲೊಂದು ವಿಚಿತ್ರ. ಬೆಂಗಳೂರು, ತುಮಕೂರು, ಕೋಲಾರ, ಹಾಸನದ ಎತ್ತರದಲ್ಲಿ ತೆಳುಗಾಳಿಯಿಂದ ಶೇಕಡ 4ರಷ್ಟು ಹೆಚ್ಚಾಗಿ ಬರುವ ಪೆಟ್ರೋಲ್, ಎಥೆನಾಲಿನ ಕೊರತೆಯಲ್ಲಿ ಅರ್ಧದಷ್ಟನ್ನು ತಾನಾಗಿ ತುಂಬಿಬಿಡುತ್ತದೆ. ಕರಾವಳಿಯವರಿಗೆ ಆ ರಿಯಾಯಿತಿ ಇಲ್ಲ. ಮೀನಿನ ಬುಟ್ಟಿ ಕಟ್ಟಿಕೊಂಡು ಉಡುಪಿ, ಕುಂದಾಪುರ, ಮಂಜೇಶ್ವರದ ಬಿಸಿಲಿನಲ್ಲಿ ಓಡುವ ಹಳೇ ಮೊಪೆಡ್ಡಿಗೆ ಪೂರ್ತಿ ಏಟು. ಅಲ್ಲಿನವರು ಪ್ಲಗ್ ಬಿಚ್ಚಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ಬಿಳಿಚಿದ್ದರೆ ಮೊದಲು ಸೂಜಿಯ ಕ್ಲಿಪ್ ಒಂದು ಗೀರು ಇಳಿಸುವುದು, ಆಮೇಲೂ ಪೂರ್ತಿ ವೇಗದಲ್ಲಿ ಬಿಳಿಚಿದರೆ ಜೆಟ್ ಬದಲಿಸುವುದು. ಎಷ್ಟಕ್ಕೆ? ಶೇಕಡ 8 ಹೆಚ್ಚು ಬೇಕೆಂದರೆ ಅಗಲದಲ್ಲಿ ಅದರ ಅರ್ಧ, ಶೇಕಡ 4. ಅಗಲದ ಲೆಕ್ಕದ 65 ಇದ್ದಲ್ಲಿ 67 ಅಥವಾ 68. ಎಪ್ಪತ್ತಲ್ಲ, ತಂತಿ ಹಾಕಿ ಕೊರೆದದ್ದಂತೂ ಅಲ್ಲವೇ ಅಲ್ಲ.

ಮಿಶ್ರಣದ್ದು ಒಂದು ತೊಂದರೆಯಾದರೆ ನೀರಿನದು ಇನ್ನೊಂದು. ಎಥೆನಾಲ್ ಗಾಳಿಯ ತೇವ ಕುಡಿಯುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಟ್ಯಾಂಕಿನೊಳಗೆ ನೀರು ಮಿತಿ ಮೀರಿದರೆ ಎಥೆನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಕೊಳಾಯಿ ಎಳೆಯುವುದು ತಳದಿಂದ. ಗಾಡಿ ಸ್ಟಾರ್ಟ್ ಆದರೂ ಕಷ್ಟ, ಆಗದಿದ್ದರೆ ಅದೃಷ್ಟ. ಹಳೆಯ ಕಾಲದ ರಬ್ಬರ್ ಪೈಪು, ವಾಷರು, ಫ್ಲೋಟಿನ ಸೂಜಿಯ ತುದಿ ಎಥೆನಾಲಿಗೆ ಉಬ್ಬುತ್ತವೆ, ಬಿರಿಯುತ್ತವೆ. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೂ 2025ರ ಆಗಸ್ಟಿನಲ್ಲಿ ಒಪ್ಪಿಕೊಂಡಿತು. ಟ್ಯಾಂಕಿನೊಳಗೆ ವರ್ಷಗಳಿಂದ ಅಂಟಿದ ಮೇಣದಂಥ ಕೊಳೆಯನ್ನು ಎಥೆನಾಲ್ ಕರಗಿಸಿ ತಂದು ಜೆಟ್ಟಿಗೆ ತುಂಬುವುದೂ ಉಂಟು. ಹೊಸ ಪೆಟ್ರೋಲಿಗೆ ಬಿದ್ದ ಮೇಲೆ ಪದೇ ಪದೇ ಕಸ ಕಟ್ಟುತ್ತಿದ್ದರೆ ಕಾರ್ಬೊರೇಟರಿಗಿಂತ ಮೊದಲು ಟ್ಯಾಂಕು ತೊಳೆಯಿರಿ.

ಕಾರ್ಬೊರೇಟರಿಗೆ ಕೊನೆಯ ದಿನ ಬರೆದದ್ದು ಹೊಗೆಯ ಕಾನೂನು. 2015ರಲ್ಲಿ ಟಿವಿಎಸ್ ನಾಲ್ಕು ಸ್ಟ್ರೋಕಿನ ಎಕ್ಸೆಲ್ 100 ತಂದಾಗ ಎರಡು ಸ್ಟ್ರೋಕಿನ ಮೊಪೆಡ್ಡಿನ ಕಾಲ ಮುಗಿಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಗೆ ಬಂದು ಎಕ್ಸೆಲ್ 100ರಲ್ಲೂ ಕಾರ್ಬೊರೇಟರ್ ಹೋಗಿ ಇಂಧನ ಚಿಮ್ಮಿಸುವ ಇಂಜೆಕ್ಟರ್ ಬಂತು. ಕಂಪ್ಯೂಟರಿನಂಥ ಒಂದು ಪೆಟ್ಟಿಗೆ ಗಾಳಿ, ಕಾವು ನೋಡಿ ಕ್ಷಣಕ್ಷಣಕ್ಕೆ ಅಳತೆ ಹಾಕುತ್ತದೆ. ಹೊಗೆ ಕಡಿಮೆ, ಮೈಲೇಜು ಚೆನ್ನ, ಊಟಿಯಲ್ಲೂ ಮಂಗಳೂರಿನಲ್ಲೂ ಒಂದೇ ನಡೆ. ಇದನ್ನು ಕೆಟ್ಟದ್ದು ಅನ್ನಲು ನಮಗೆ ಮನಸ್ಸಿಲ್ಲ. ಎರಡು ಸ್ಟ್ರೋಕಿನ ಹೊಗೆ ಕುಡಿದೇ ನಾವೆಲ್ಲ ಬೆಳೆದದ್ದು. ಆದರೆ ಕೆಟ್ಟಾಗ ಸ್ಕ್ರೂಡ್ರೈವರ್ ಸಾಲದು, ದೋಷ ಓದುವ ಸ್ಕ್ಯಾನರ್ ಬೇಕು, ಅದರ ಬೆಲೆ ಹೋಬಳಿ ಕೇಂದ್ರದ ಗ್ಯಾರೇಜಿಗೆ ಭಾರ. ಹಾಗಾಗಿ ಊರ ಮೆಕ್ಯಾನಿಕ್ಕಿನ ಹತ್ತಿರ ಈಗ ಹಳೇ ಗಾಡಿಗಳಷ್ಟೇ ಬರುತ್ತವೆ. ಅವನ ಕೈ ಕೆಳಗೆ ಕಲಿಯಲು ಹುಡುಗರು ಬರುವುದಿಲ್ಲ.

ಹಾಗೆಂದು ಕಾರ್ಬೊರೇಟರ್ ಊರು ಬಿಟ್ಟು ಹೋಗಿಲ್ಲ. ಅಂಗಳದಿಂದ ಹೋಗಿ ತೋಟದಲ್ಲಿ ಕೂತಿದೆ. ಕಳೆ ಕೊಚ್ಚುವ ಯಂತ್ರ, ಅಡಿಕೆಗೆ ಔಷಧಿ ಹೊಡೆಯುವ ಸ್ಪ್ರೇಯರ್, ಮರ ಕೊಯ್ಯುವ ಗರಗಸ, ಸಣ್ಣ ಟಿಲ್ಲರ್ ಎಲ್ಲದರಲ್ಲೂ ಅದೇ ಪುಟ್ಟ ಡಬ್ಬಿ. ಬಗಲಿಗೆ ಹಾಕಿಕೊಂಡು ಹೇಗೆ ಬೇಕಾದರೂ ವಾಲಿಸುವ ಯಂತ್ರಗಳಲ್ಲಿ ಫ್ಲೋಟ್ ಇರುವುದಿಲ್ಲ, ಮಗುಚಿದರೆ ಚೆಲ್ಲುತ್ತದಲ್ಲ. ಅದರ ಬದಲು ತೆಳ್ಳಗಿನ ರಬ್ಬರಿನಂಥ ಪೊರೆ ಬಡಿದುಕೊಂಡು ಪೆಟ್ರೋಲ್ ಎತ್ತುತ್ತದೆ. ಎಥೆನಾಲ್ ಪೆಟ್ರೋಲನ್ನು ಅದರೊಳಗೆ ತಿಂಗಳುಗಟ್ಟಲೆ ಬಿಟ್ಟರೆ ಆ ಪೊರೆ ಒಣಗಿ ಸೆಟೆದುಕೊಳ್ಳುತ್ತದೆ. ಮುಂದಿನ ಮುಂಗಾರಿನಲ್ಲಿ ಹಗ್ಗ ಎಳೆದು ಎಳೆದು ರಟ್ಟೆ ನೋಯುವುದು ಇದಕ್ಕೇ. ಹಂಗಾಮು ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಯಂತ್ರವನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ, ಒಳಗಿನ ಕೊನೆಯ ಹನಿ ಉರಿದುಹೋದ ಮೇಲೆ ಅಟ್ಟಕ್ಕೆ ಹಾಕಿ. ಪೊರೆಯ ಕಿಟ್ಟು ಜೆ.ಸಿ. ರಸ್ತೆಯವರೆಗೆ ಹೋಗದೆಯೂ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತದೆ, ಕೊಳ್ಳಲು ಹೋಗುವಾಗ ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.